ಲೇಹ, ಓಲೆ, ಅಂಚೆ: ಪತ್ರಪ್ರೇಷಣದ ಶಬ್ದಗಳು ಮತ್ತು ಹಸ್ತಪ್ರತಿ ಶೋಧನೆ

ಹಸ್ತಪ್ರತಿಗಳ ಕಟ್ಟುಗಳನ್ನು ಬಿಚ್ಚಿ ನೋಡುವವರಿಗೆ ಗ್ರಂಥಪತ್ರಗಳ ನಡುವೆ ಕೆಲವೊಮ್ಮೆ ಗ್ರಂಥಕ್ಕೆ ಸೇರದ ಬಿಡಿ ಹಾಳೆಗಳೂ ಬಿಡಿ ಗರಿಗಳೂ ದೊರೆಯುವುದುಂಟು. ಅವುಗಳಲ್ಲಿ ಕೆಲವು ಲೆಕ್ಕದ ಚೀಟಿಗಳು, ಕೆಲವು ಪತ್ರಗಳು. ಸೂಚೀಕಾರರು ಇವನ್ನು 'ಬಿಡಿ ಪತ್ರ' ಎಂದು ಒಂದೇ ಮಾತಿನಲ್ಲಿ ಗುರುತಿಸಿ ಮುಂದೆ ಸಾಗುವರು; ಕೆಲವೆಡೆ ಅಷ್ಟೂ ಆಗದೆ ಅವು ಕಸದ ಪಾಲಾಗುವುವು. ಇಂತಹ ಹಾಳೆಗಳನ್ನು ಉಳಿಸಬೇಕೆಂಬುದು ಒಂದು ಮಾತು. ಉಳಿಸಿದವನ್ನು ಸರಿಯಾಗಿ ಓದಬೇಕೆಂಬುದು ಇನ್ನೊಂದು. ಓದುವುದಕ್ಕೆ ಪತ್ರಗಳನ್ನು ಬರೆಯುವ, ಕಳುಹುವ, ಒಯ್ಯುವ, ಪಡೆಯುವ ಕ್ರಿಯೆಗಳ ಶಬ್ದಗಳು ತಿಳಿದಿರಬೇಕು. ಈ ಶಬ್ದಗಳಲ್ಲಿ ಬಹುಪಾಲು ನಾನಾರ್ಥಗಳುಳ್ಳವು. ಕಾಲದಿಂದ ಕಾಲಕ್ಕೆ ಅರ್ಥ ಬದಲಿಸಿದವು. ಅವುಗಳಲ್ಲಿ ಮುಖ್ಯವಾದ ಕೆಲವನ್ನು ಎತ್ತಿಕೊಂಡು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಶ್ರುತಪರಂಪರೆಯ ಆದಿಯಲ್ಲಿರುವ ಲೇಖ

ದಿಗಂಬರ ಪರಂಪರೆಯ ಶ್ರುತಾವತಾರ ಕಥೆಯಲ್ಲಿ ಒಂದು ಪತ್ರವೇ ನಿರ್ಣಾಯಕವಾದ ಸ್ಥಾನವನ್ನು ಪಡೆದಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ಶ್ರುತವು ವಿಚ್ಛಿನ್ನವಾದೀತೆಂಬ ಭಯದಿಂದ ದಕ್ಷಿಣಾಪಥದ ಆಚಾರ್ಯರಿಗೆ ಪತ್ರವೊಂದನ್ನು ಕಳುಹಿದರು. ಪತ್ರದಲ್ಲಿದ್ದ ಮಾತನ್ನು ಮನಗಂಡ ಆ ಆಚಾರ್ಯರು ಗ್ರಹಣಧಾರಣ ಸಮರ್ಥರಾದ ಇಬ್ಬರು ಸಾಧುಗಳನ್ನು ಕಳುಹಿಸಿಕೊಟ್ಟರು. ಅವರೇ ಮುಂದೆ ಪುಷ್ಪದಂತ, ಭೂತಬಲಿಗಳೆಂದು ಪ್ರಸಿದ್ಧರಾದರು. ಷಟ್ಖಂಡಾಗಮವು ಅವರಿಂದ ರಚಿತವಾಯಿತು.

ವೀರಸೇನಾಚಾರ್ಯರು ಧವಲಾಟೀಕೆಯಲ್ಲಿ ಈ ಪ್ರಸಂಗವನ್ನು ಹೇಳುವಾಗ ಪತ್ರಕ್ಕೆ 'ಲೇಹ' ಎಂಬ ಪ್ರಾಕೃತ ಶಬ್ದವನ್ನೂ ಕಳುಹುವಿಕೆಗೆ 'ಪೇಸಿದ' ಎಂಬ ರೂಪವನ್ನೂ ಬಳಸಿದ್ದಾರೆ. ಇವು ಕ್ರಮವಾಗಿ ಸಂಸ್ಕೃತದ ಲೇಖ, ಪ್ರೇಷಿತ ಶಬ್ದಗಳು. ಪತ್ರವನ್ನು ಕಳುಹಿದುದಕ್ಕೂ ಸಾಧುಗಳನ್ನು ಕಳುಹಿದುದಕ್ಕೂ ಅಲ್ಲಿ ಒಂದೇ ಧಾತು ಬಂದಿರುವುದು ಗಮನಾರ್ಹ. ಲೇಖವು ಹೋಯಿತು, ಅದಕ್ಕೆ ಉತ್ತರವಾಗಿ ಶಿಷ್ಯರು ಬಂದರು.

ಇದೇ ಪ್ರಸಂಗದಲ್ಲಿ ಒಂದು ಪಾಠವಿಚಾರವೂ ಅಡಗಿದೆ. ಆಚಾರ್ಯರು 'ಮಹಿಮಾ'ದಲ್ಲಿ ನೆರೆದಿದ್ದರೆಂದು ಧವಲೆಯ ಮಾತು. ಇದನ್ನು ಊರಿನ ಹೆಸರೆಂದು ಕೆಲವರು ತಿಳಿದಿದ್ದಾರೆ. ಇಂದ್ರನಂದಿಯ ಶ್ರುತಾವತಾರದಲ್ಲಾದರೋ ಮಹಾಮಹಿಮೆಗೆ, ಎಂದರೆ ಮಹೋತ್ಸವಕ್ಕೆ, ನೆರೆದ ಮುನಿಗಳೆಂಬ ಅರ್ಥ ತೋರುತ್ತದೆ. ಪತ್ರವು ತಲುಪಿದ ಸ್ಥಳ ಯಾವುದೆಂಬ ಪ್ರಶ್ನೆಯೇ ಹೀಗೆ ಒಂದು ಶಬ್ದದ ಅರ್ಥವನ್ನು ಅವಲಂಬಿಸಿದೆ.

ಇಂದ್ರನಂದಿಯ ಕಥನದಿಂದ ಇನ್ನೂ ಎರಡು ಸಂಗತಿಗಳು ತಿಳಿಯುತ್ತವೆ. ಪತ್ರವನ್ನು ಒಯ್ದವನು ಒಬ್ಬ ಬ್ರಹ್ಮಚಾರಿ. ಪತ್ರದ ಒಕ್ಕಣೆಯಾದರೋ ಸ್ವಸ್ತಿವಚನದಿಂದ ಆರಂಭವಾಗಿ, ಕಳುಹುವವರ ಸ್ಥಳ, ಕಳುಹುವವರ ಹೆಸರು, ಪಡೆಯುವವರ ಸ್ಥಳ, ವಂದನೆ, ಅನಂತರ ಕಾರ್ಯನಿವೇದನೆ ಎಂಬ ಕ್ರಮದಲ್ಲಿದೆ. ಈಚಿನ ಶತಮಾನಗಳ ಪತ್ರಗಳನ್ನು ಪರಿಶೀಲಿಸುವವರು ಈ ಕ್ರಮವನ್ನು ಒಡನೆಯೇ ಗುರುತಿಸಬಲ್ಲರು. ಸ್ವಸ್ತಿ, ಸ್ಥಾನ, ನಾಮ, ವಂದನೆ, ಕಾರ್ಯ ಎಂಬ ಈ ಐದು ಅಂಗಗಳನ್ನು ನೆನಪಿನಲ್ಲಿಟ್ಟುಕೊಂಡರೆ, ಆದಿ ಅಥವಾ ಅಂತ್ಯ ಹರಿದುಹೋದ ಪತ್ರದಲ್ಲಿಯೂ ಯಾವ ಭಾಗ ನಷ್ಟವಾಗಿದೆಯೆಂಬುದನ್ನು ಹೇಳಬಹುದು.

2. ಪತ್ರ, ಲೇಖ, ಓಲೆ

ಸಂಸ್ಕೃತದ 'ಪತ್ರ' ಶಬ್ದಕ್ಕೆ ಎಲೆ, ರೆಕ್ಕೆ, ವಾಹನ ಎಂಬ ಅರ್ಥಗಳಿವೆ. ಬರೆಯುವುದಕ್ಕೆ ಎಲೆಯನ್ನು ಬಳಸಿದುದರಿಂದ ಬರೆಹವೇ ಪತ್ರವಾಯಿತು. ಹಸ್ತಪ್ರತಿಶಾಸ್ತ್ರದಲ್ಲಿ 'ಪತ್ರ'ವೆಂದರೆ ಗ್ರಂಥದ ಒಂದು ಗರಿ. ವ್ಯವಹಾರದಲ್ಲಿ ಅದು ಕಾಗದ. ಆದುದರಿಂದ ಸೂಚಿಯಲ್ಲಿ 'ಪತ್ರ 1' ಎಂದು ಬರೆದರೆ ಅದು ಗ್ರಂಥದ ಗರಿಯೋ ಒಬ್ಬರು ಇನ್ನೊಬ್ಬರಿಗೆ ಬರೆದುದೋ ತಿಳಿಯದು. ಗ್ರಂಥದ ಭಾಗಕ್ಕೆ 'ಗರಿ' ಎಂದೂ ಕಳುಹಿದ ಬರೆಹಕ್ಕೆ 'ಪತ್ರ' ಎಂದೂ ನಿಯತವಾಗಿ ಬಳಸುವುದು ಉಚಿತ.

ಕನ್ನಡದ 'ಓಲೆ'ಯ ಕಥೆಯೂ ಇದೇ. ಓಲೆಯೆಂದರೆ ತಾಳೆಯ ಗರಿ; ಆ ಗರಿಯ ಮೇಲಿನ ಗ್ರಂಥ; ಅದರ ಮೇಲೆ ಬರೆದು ಕಳುಹಿದ ಪತ್ರ; ಸ್ತ್ರೀಯರ ಕರ್ಣಾಭರಣ. ಓಲೆಯನ್ನು ಒಯ್ಯುವವನು ಓಲೆಕಾರ. 'ಕರೆಯೋಲೆ' ಎಂಬ ಮಾತು ಆಹ್ವಾನಪತ್ರಕ್ಕೆ ಇಂದಿಗೂ ಉಳಿದಿದೆ. ಗರಿಯಲ್ಲಿ ಬರೆಯುವುದು ನಿಂತ ಬಳಿಕವೂ ಹೆಸರು ನಿಲ್ಲಲಿಲ್ಲ. ಕಾಗದದ ಮೇಲೆ ಬರೆದುದೂ ಓಲೆಯಾಯಿತು. ಆದುದರಿಂದ ಪತ್ರವೊಂದು ತನ್ನನ್ನು ಓಲೆಯೆಂದು ಕರೆದುಕೊಂಡ ಮಾತ್ರಕ್ಕೆ ಅದರ ಮೂಲ ತಾಳೆಗರಿಯಲ್ಲಿತ್ತೆಂದು ನಿರ್ಣಯಿಸಲಾಗದು. 'ಕಡತ'ದ ವಿಷಯವೂ ಇಂಥದೇ. ಮಸಿಯ ಲೇಪನವುಳ್ಳ ಬಟ್ಟೆಯ ಮಡಿಕೆಗಳ ಮೇಲೆ ಬಳಪದಿಂದ ಬರೆದುದು ಹಿಂದಿನ ಕಡತ. ಕಚೇರಿಯ ಕಾಗದಗಳ ಕಟ್ಟು ಇಂದಿನ ಕಡತ.

'ಲೇಖ' ಶಬ್ದದಲ್ಲಿ ಬೇರೊಂದು ಬಗೆಯ ಎಚ್ಚರ ಬೇಕು. ಅಮರಕೋಶವು ಲೇಖ ಶಬ್ದವನ್ನು ದೇವತೆಗಳ ಪರ್ಯಾಯಗಳಲ್ಲಿ ಪಠಿಸಿದೆ. ಕಾವ್ಯದ ಪ್ರಶಸ್ತಿಪದ್ಯಗಳಲ್ಲಿ ಈ ಶಬ್ದ ಬಂದಾಗ ಪತ್ರವೆಂಬ ಅರ್ಥವನ್ನು ಹಚ್ಚಿದರೆ ದೇವತೆಗಳೆಲ್ಲ ಕಾಗದಗಳಾಗಿಬಿಡುವರು. ಪ್ರಾಕೃತದ 'ಲೇಹವಾಹ'ನಲ್ಲಿ ಈ ಸಂದೇಹಕ್ಕೆ ಎಡೆಯಿಲ್ಲ, ಅವನು ಪತ್ರವಾಹಕನೇ.

3. ಬಿನ್ನಪ ಮತ್ತು ವಿಜ್ಞಪ್ತಿ

ಕಿರಿಯರು ಹಿರಿಯರಿಗೆ ಬರೆಯುವ ಪತ್ರಕ್ಕೂ ಹಿರಿಯರು ಕಿರಿಯರಿಗೆ ಕಳುಹುವ ಪತ್ರಕ್ಕೂ ನಮ್ಮ ಹಿಂದಿನವರು ಬೇರೆ ಬೇರೆ ಹೆಸರುಗಳನ್ನಿಟ್ಟಿದ್ದರು. ಅರಸನಿಂದ ಬಂದುದು ನಿರೂಪ, ರಾಯಸ. ಅರಸನಿಗೆ ಹೋದುದು ಬಿನ್ನಪ, ಬಿನ್ನವತ್ತಳೆ. ಪತ್ರದ ಹೆಸರಿನಿಂದಲೇ ಅದು ಚಲಿಸಿದ ದಿಕ್ಕು ತಿಳಿಯುತ್ತದೆ. 'ಬಿನ್ನಪ'ವು ವಿಜ್ಞಾಪನ ಶಬ್ದದ ತದ್ಭವ. ಇಂದು ಬಿನ್ನವತ್ತಳೆಯೆಂದರೆ ಸನ್ಮಾನಪತ್ರವೆಂದಾಗಿರುವುದರಿಂದ ಹಳೆಯ ಬರೆಹಗಳಲ್ಲಿ ಆ ಮಾತನ್ನು ಕಂಡಾಗ ಸನ್ಮಾನವನ್ನು ಕಲ್ಪಿಸಬಾರದು.

ಇದೇ ಮೂಲದ 'ವಿಜ್ಞಪ್ತಿ' ಶಬ್ದವು ಗುರ್ಜರ ಮತ್ತು ರಾಜಸ್ಥಾನ ದೇಶಗಳ ಶ್ವೇತಾಂಬರ ಸಂಪ್ರದಾಯದಲ್ಲಿ ಒಂದು ವಿಶಿಷ್ಟ ಸಾಹಿತ್ಯಪ್ರಕಾರಕ್ಕೆ ಹೆಸರಾಯಿತು. ಪರ್ಯುಷಣದ ಅನಂತರ ಕ್ಷಮಾಪಣೆಗಾಗಿಯೋ, ಮುಂದಿನ ಚಾತುರ್ಮಾಸ್ಯಕ್ಕೆ ತಮ್ಮ ಊರಿಗೆ ಬರಬೇಕೆಂಬ ಪ್ರಾರ್ಥನೆಗಾಗಿಯೋ ಸಂಘವು ಆಚಾರ್ಯರಿಗೆ ಕಳುಹುತ್ತಿದ್ದ ಪತ್ರವೇ ವಿಜ್ಞಪ್ತಿಪತ್ರ. ಉದ್ದವಾದ ಸುರುಳಿಯ ಮೇಲೆ ಅಷ್ಟಮಂಗಲಗಳು, ತೀರ್ಥಂಕರಮಾತೆಯ ಸ್ವಪ್ನಗಳು, ಊರಿನ ಬೀದಿ ಬಸದಿಗಳು ಚಿತ್ರಿತವಾಗಿದ್ದು, ಕೊನೆಯಲ್ಲಿ ಬಿನ್ನಹವಿರುವುದು ಇದರ ರೂಢಿಯ ಕ್ರಮ. ಆಗ್ರಾ ಸಂಘವು ವಿಜಯಸೇನಸೂರಿಗೆ 1610ರಲ್ಲಿ ಕಳುಹಿದ, ಶಾಲಿವಾಹನನೆಂಬ ಚಿತ್ರಕಾರನು ಚಿತ್ರಿಸಿದ ಪತ್ರವು ಇವುಗಳಲ್ಲಿ ಅತ್ಯಂತ ಪ್ರಸಿದ್ಧ. ಜಹಾಂಗೀರನ ಆಸ್ಥಾನದ ದೃಶ್ಯವು ಅದರಲ್ಲಿದೆ.

ಚಿತ್ರವಿಲ್ಲದ, ಕೇವಲ ಕಾವ್ಯರೂಪದ ವಿಜ್ಞಪ್ತಿಗಳೂ ಉಂಟು. ಜಯಸಾಗರೋಪಾಧ್ಯಾಯರು ವಿಕ್ರಮ ಸಂವತ್ 1484ರಲ್ಲಿ ಸಿಂಧುದೇಶದಿಂದ ತಮ್ಮ ಗುರು ಜಿನಭದ್ರಸೂರಿಗೆ ಬರೆದ ವಿಜ್ಞಪ್ತಿತ್ರಿವೇಣಿಯನ್ನು ಮುನಿ ಜಿನವಿಜಯರು 1916ರಲ್ಲಿ ಪ್ರಕಟಿಸಿದರು. ನಗರಕೋಟದ ಯಾತ್ರೆಯ ವಿವರಗಳು ಆ ಪತ್ರದಿಂದಲೇ ನಮಗೆ ದೊರೆತಿವೆ. ಆ ಪ್ರತಿಯನ್ನು ಯಾರೋ ಹಳೆಯ ಕಾಗದವೆಂದು ಕಡೆಗಣಿಸಿದ್ದರೆ ಒಂದು ಪ್ರದೇಶದ ಜೈನ ಇತಿಹಾಸದ ಮುಖ್ಯ ಆಧಾರವೊಂದು ನಷ್ಟವಾಗುತ್ತಿತ್ತು. ವಿನಯವಿಜಯರ ಇಂದುದೂತವೂ ಮೇಘವಿಜಯರ ಮೇಘದೂತಸಮಸ್ಯಾಲೇಖವೂ ದೂತಕಾವ್ಯದ ರೂಪದಲ್ಲಿ ಗುರುವಿಗೆ ಕಳುಹಿದ ಪತ್ರಗಳೇ. ಎರಡನೆಯ ಕೃತಿಯ ಹೆಸರಿನಲ್ಲಿಯೇ ಲೇಖಶಬ್ದವಿದೆ. ಇವನ್ನು ಕೇವಲ ಕಾವ್ಯವೆಂದು ಓದಿದರೆ ಅವು ನಿಜವಾಗಿ ಒಬ್ಬರಿಂದ ಹೊರಟು ಮತ್ತೊಬ್ಬರನ್ನು ಮುಟ್ಟಬೇಕಾಗಿದ್ದ ಬಿನ್ನಹಗಳೆಂಬುದು ಮರೆಯಾಗುತ್ತದೆ.

4. ಆನಯನ ಮತ್ತು ಪ್ರೇಷ್ಯಪ್ರಯೋಗ

ಕಳುಹುವುದು, ತರಿಸುವುದು ಎಂಬ ಜೋಡಿ ಕ್ರಿಯೆಗಳಿಗೆ ಆಗಮಶಾಸ್ತ್ರದಲ್ಲಿಯೇ ಪಾರಿಭಾಷಿಕ ಶಬ್ದಗಳಿವೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದೇಶವ್ರತದ ಅತಿಚಾರಗಳನ್ನು ಹೇಳುವಾಗ ಆನಯನ, ಪ್ರೇಷ್ಯಪ್ರಯೋಗ, ಶಬ್ದಾನುಪಾತ, ರೂಪಾನುಪಾತ, ಪುದ್ಗಲಕ್ಷೇಪ ಎಂಬ ಐದನ್ನು ಎಣಿಸಿದೆ. ಸಂಕಲ್ಪಿಸಿದ ಎಲ್ಲೆಯೊಳಗೆ ತಾನಿದ್ದುಕೊಂಡು ಹೊರಗಿನಿಂದ ವಸ್ತುವನ್ನು ತರಲು ಆಜ್ಞಾಪಿಸುವುದು ಆನಯನವೆಂದೂ, ಹೀಗೆ ಮಾಡೆಂದು ಇನ್ನೊಬ್ಬನನ್ನು ನಿಯೋಜಿಸುವುದು ಪ್ರೇಷ್ಯಪ್ರಯೋಗವೆಂದೂ ಪೂಜ್ಯಪಾದರ ಸರ್ವಾರ್ಥಸಿದ್ಧಿಯ ವಿವರಣೆಯ ತಾತ್ಪರ್ಯ.

ಪತ್ರವ್ಯವಹಾರವು ಇವುಗಳಲ್ಲಿ ಯಾವುದಕ್ಕೆ ಸೇರುವುದೆಂಬುದು ವ್ರತಿಕನಾದ ಶ್ರಾವಕನಿಗೆ ಕೇವಲ ಶಬ್ದದ ಪ್ರಶ್ನೆಯಲ್ಲ. ಸರಕನ್ನು ಕಳುಹಿಸಿಕೊಡೆಂದು ಬರೆದ ಪತ್ರ ಆನಯನದ ಲಕ್ಷಣಕ್ಕೆ ಒಳಪಡುವಂತೆ ಕಾಣುತ್ತದೆ. ಹೊರ ಊರಿನ ಗುಮಾಸ್ತನಿಗೆ ಇಂತಹ ಕೆಲಸ ಮಾಡೆಂದು ಬರೆದ ಪತ್ರ ಪ್ರೇಷ್ಯಪ್ರಯೋಗದ ಲಕ್ಷಣಕ್ಕೆ. ತನ್ನ ಇರವನ್ನು ತಿಳಿಸಲು ಮಣ್ಣಿನ ಹೆಂಟೆಯನ್ನೋ ಕಲ್ಲನ್ನೋ ಎಸೆಯುವುದು ಪುದ್ಗಲಕ್ಷೇಪವಾದರೆ, ಯಾವ ಕಾರ್ಯವನ್ನೂ ಆಜ್ಞಾಪಿಸದ ಕ್ಷೇಮಸಮಾಚಾರದ ಪತ್ರವನ್ನು ಎಲ್ಲೆಯಾಚೆಗೆ ಕಳುಹುವುದು ಅದಕ್ಕೆ ಸಮಾನವಾಗುವುದೇ ಎಂಬುದು ವಿಚಾರಣೀಯ. ಇದರ ನಿರ್ಣಯವನ್ನು ಪಂಡಿತರಿಗೆ ಬಿಡುತ್ತೇವೆ. ನಮ್ಮ ಪ್ರಸ್ತುತ ಉದ್ದೇಶಕ್ಕೆ ಬೇಕಾದುದು ಇಷ್ಟೇ: ವ್ರತವಿಧಾನದ ಹಸ್ತಪ್ರತಿಗಳಲ್ಲಿ 'ಪ್ರೇಷ್ಯ' ಎಂದರೆ ಕಳುಹಲ್ಪಡುವ ಸೇವಕ, ಕಳುಹಲ್ಪಡುವ ಕಾಗದವಲ್ಲ. ಈಚಿನ ರೂಢಿಯನ್ನು ಅನುಸರಿಸಿ ಇದನ್ನು ಟಪಾಲಿನ ವಸ್ತುವೆಂದು ಭಾಷಾಂತರಿಸಿದರೆ ಸೂತ್ರದ ಅರ್ಥ ಕೆಡುತ್ತದೆ.

5. ಕಳುಹುವ, ಮುಟ್ಟುವ ಕ್ರಿಯಾಪದಗಳು

ಹಳಗನ್ನಡದಲ್ಲಿ ಕಳುಹುವುದಕ್ಕೆ 'ಅಟ್ಟು' ಎಂಬ ಧಾತು ಬಳಕೆಯಲ್ಲಿತ್ತು. ದೂತರನ್ನು ಅಟ್ಟುವುದು ಗೌರವದ ಕ್ರಿಯೆಯೇ. ಇಂದು ಅಟ್ಟುವುದೆಂದರೆ ಓಡಿಸುವುದು. ಹಳಗನ್ನಡ ಗ್ರಂಥದ ಗದ್ಯಾನುವಾದ ಮಾಡುವವರು ದೂತನನ್ನು ಅಟ್ಟಿದನೆಂಬ ಮಾತನ್ನು ಹಾಗೆಯೇ ಇರಿಸಿದರೆ ಇಂದಿನ ಓದುಗನಿಗೆ ವಿಪರೀತಾರ್ಥವೇ ತೋರುವುದು. ಪತ್ರವು ಬಂದು ಸೇರಿದುದಕ್ಕೆ 'ಮುಟ್ಟು' ಎಂಬ ಮಾತು ಈಗಲೂ ಇದೆ: ಕಾಗದ ಮುಟ್ಟಿತು. ಪತ್ರದ ಬರೆವಣಿಗೆಯ ರೀತಿಗೆ 'ಒಕ್ಕಣೆ' ಎನ್ನುತ್ತೇವೆ. ಇದು ವ್ಯಾಖ್ಯಾನ ಶಬ್ದದಿಂದ ವಕ್ಕಾಣ, ವಕ್ಕಣೆಗಳ ಮೂಲಕ ಬಂದ ರೂಪ. ಟೀಕಾಕಾರನ ಕಾರ್ಯವೂ ಪತ್ರಲೇಖಕನ ಕಾರ್ಯವೂ ಒಂದೇ ಶಬ್ದದ ಎರಡು ಕವಲುಗಳಾಗಿವೆ.

ಪಾರಸೀ ಮತ್ತು ಅರಬೀ ಮೂಲದ ಶಬ್ದಗಳು ಆಡಳಿತದ ಮೂಲಕ ಬಂದು ಈ ಕ್ಷೇತ್ರದಲ್ಲಿ ನೆಲೆಯೂರಿದವು. ಕಾಗದ, ಮೊಹರು, ರವಾನೆ, ಹರಕಾರ, ಜವಾಬು, ಮಜಕೂರು ಇವೆಲ್ಲ ಆ ವರ್ಗದವು. 'ರಸೀದಿ'ಯು ಬಂದು ಮುಟ್ಟಿತೆಂಬ ಅರ್ಥದ ಪಾರಸೀ ರೂಪ. ಕನ್ನಡದ ಮುಟ್ಟು ಎಂಬುದಕ್ಕೆ ಸರಿಸಮವಾದುದು. ಮರಾಠಿಯ ಸಂಪರ್ಕದಿಂದ ಟಪಾಲು, ಲಕೋಟೆ, ಬಟವಾಡೆಗಳು ಬಂದವು. ಉತ್ತರ ಕರ್ನಾಟಕದ ಪತ್ರಗಳಲ್ಲಿ ಟಪಾಲೂ ಹಳೆಯ ಮೈಸೂರಿನ ಪತ್ರಗಳಲ್ಲಿ ಅಂಚೆಯೂ ಹೆಚ್ಚಾಗಿ ಕಾಣುವುದರಿಂದ, ಸ್ಥಳನಿರ್ದೇಶವಿಲ್ಲದ ಪತ್ರದಲ್ಲಿ ಈ ಶಬ್ದಗಳು ಲೇಖಕನ ಸೀಮೆಯನ್ನು ಊಹಿಸಲು ನೆರವಾಗಬಲ್ಲುವು. ಆದರೆ ಇದು ಊಹೆಗೆ ಆಸರೆಯೇ ಹೊರತು ಸ್ವತಂತ್ರ ಪ್ರಮಾಣವಲ್ಲ.

6. ಅಂಚೆ

'ಅಂಚೆ' ಶಬ್ದವು ಹಳಗನ್ನಡ ಕಾವ್ಯಗಳನ್ನು ಓದಿದವರಿಗೆ ಮೊದಲು ನೆನಪಿಗೆ ತರುವುದು ಹಂಸಪಕ್ಷಿಯನ್ನು. ಹಂಸ ಶಬ್ದದ ತದ್ಭವವೇ ಅಂಚೆ. ಟಪಾಲೆಂಬ ಅರ್ಥದ ಅಂಚೆಯೂ ಇದರಿಂದಲೇ ಹುಟ್ಟಿತೆಂದೂ, ನಳದಮಯಂತಿಯರ ನಡುವೆ ಸಂದೇಶವನ್ನು ಒಯ್ದ ಹಂಸದ ಕಥೆಯೇ ಇದಕ್ಕೆ ಕಾರಣವೆಂದೂ ಹಲವರು ಹೇಳುವುದುಂಟು. ಊಹೆ ಮನೋಹರವಾದುದು. ಆದರೆ ತಮಿಳು, ಮಲೆಯಾಳಗಳಲ್ಲಿ ಇದೇ ಅರ್ಥದಲ್ಲಿ 'ಅಂಚಲ್' ಎಂಬ ರೂಪವಿದೆ. ತಿರುವಾಂಕೂರಿನಲ್ಲಿ ಅಂಚಲ್ ವ್ಯವಸ್ಥೆಯು 1951ರವರೆಗೆ ಆ ಹೆಸರಿನಿಂದಲೇ ನಡೆಯಿತು. ಹಂಸದಿಂದ ಹೊರಟರೆ ಈ ಅಂತ್ಯ ಲಕಾರಕ್ಕೆ ಸಮಾಧಾನ ದೊರೆಯದು. ತಮಿಳಿನಲ್ಲಿ ಹಂಸಕ್ಕೆ ಅನ್ನಂ ಎಂಬ ರೂಪವಿರುವುದೂ ಈ ನಿಷ್ಪತ್ತಿಗೆ ಅನುಕೂಲವಲ್ಲ. ಆದುದರಿಂದ ಎರಡು ಅಂಚೆಗಳನ್ನು ರೂಪಸಾಮ್ಯವುಳ್ಳ ಬೇರೆ ಬೇರೆ ಶಬ್ದಗಳೆಂದು ಇಟ್ಟುಕೊಳ್ಳುವುದೇ ಕ್ಷೇಮ. ಕಾವ್ಯದ ಪ್ರತಿಯಲ್ಲಿ ಅಂಚೆಯು ಕೊಳದಲ್ಲಿದ್ದರೆ ಹಂಸ. ಪತ್ರದಲ್ಲಿ ದಾರಿಯಲ್ಲಿದ್ದರೆ ಟಪಾಲು.

ಮೈಸೂರಿನಲ್ಲಿ ಅಂಚೆಯ ವ್ಯವಸ್ಥೆಯು ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಎಂದರೆ 17ನೆಯ ಶತಮಾನದ ಕೊನೆಯ ಭಾಗದಲ್ಲಿ, ನೆಲೆಗೊಂಡಿತು. ಆ ಅರಸರ ಮಂತ್ರಿಯಾಗಿದ್ದ ವಿಶಾಲಾಕ್ಷ ಪಂಡಿತರು ಜೈನರೆಂಬುದನ್ನು ಇಲ್ಲಿ ಸ್ಮರಿಸಬಹುದು. ಪತ್ರಗಳನ್ನು ಸಾಗಿಸುವುದರೊಡನೆ ನಾಡಿನ ಸುದ್ದಿಯನ್ನು ಅರಸನಿಗೆ ಮುಟ್ಟಿಸುವುದೂ ಅಂಚೆಯವರ ಕೆಲಸವಾಗಿತ್ತು. ಮೈಸೂರು ಅಂಚೆಯು 1889ರಲ್ಲಿ ಬ್ರಿಟಿಷ್ ಇಂಡಿಯಾದ ಟಪಾಲು ಇಲಾಖೆಯೊಡನೆ ವಿಲೀನವಾಯಿತು. ವ್ಯವಸ್ಥೆ ಮುಗಿದರೂ ಶಬ್ದ ಮುಗಿಯಲಿಲ್ಲ. ಕರ್ನಾಟಕವೆಲ್ಲ ಅದನ್ನೇ ಸ್ವೀಕರಿಸಿತು. ಹೀಗಾಗಿ 'ಅಂಚೆ' ಎಂಬ ಶಬ್ದವಿದೆಯೆಂದು ಪತ್ರವನ್ನು 1889ಕ್ಕೆ ಹಿಂದಿನದೆನ್ನಲಾಗದು; ಮೈಸೂರು ಅಂಚೆಯ ಮೊಹರಿದ್ದರೆ ಮಾತ್ರ ಹಾಗೆನ್ನಬಹುದು.

ಕಾಲನಿರ್ಣಯಕ್ಕೆ ನೆರವಾಗುವ ಇತರ ಕುರುಹುಗಳೂ ಇವೆ. ಇಡೀ ದೇಶಕ್ಕೆ ಸಮಾನ ದರದ ಅಂಚೆಚೀಟಿಗಳು ಬಂದುದು 1854ರಲ್ಲಿ, ಕಾಲಾಣೆಯ ಕಾರ್ಡು 1879ರಲ್ಲಿ, ಮನಿಯಾರ್ಡರು 1880ರಲ್ಲಿ, ಪಿನ್‌ಕೋಡು 1972ರ ಆಗಸ್ಟ್ 15ರಂದು. ಗ್ರಂಥದ ಬೆಲೆಯನ್ನು ಮನಿಯಾರ್ಡರಿನಿಂದ ಕಳುಹಿದೆನೆಂಬ ಮಾತಿರುವ ಪತ್ರವು ತಿಥಿ ಹರಿದುಹೋಗಿದ್ದರೂ 1880ಕ್ಕೆ ಹಿಂದಿನದಾಗಲಾರದು. 'ರಿಜಿಸ್ಟರು ಮಾಡಿ ಕಳುಹಿಸುವುದು' ಎಂಬ ಮಾತು ನಮ್ಮ ತಲೆಮಾರಿಗೆ ಸುಪರಿಚಿತ. ಆದರೆ ನೋಂದಾಯಿತ ಅಂಚೆಯನ್ನು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ವಿಲೀನಗೊಳಿಸಿರುವುದರಿಂದ ಮುಂದಿನ ತಲೆಮಾರಿನ ಸಂಶೋಧಕನಿಗೆ ಆ ಮಾತಿಗೂ ಟಿಪ್ಪಣಿ ಬೇಕಾದೀತು.

7. ವಂದನೆಯ ಶಬ್ದಗಳು ಮತ್ತು ಅಂಕಿಗಳು

ಪತ್ರದ ಆದಿಯ ವಂದನಾಶಬ್ದವನ್ನು ಸೂಚೀಕಾರರು ಸಾಮಾನ್ಯವಾಗಿ ದಾಖಲಿಸುವುದಿಲ್ಲ. ಇದು ಲೋಪ. ದಿಗಂಬರ ಸಂಪ್ರದಾಯದಲ್ಲಿ ಮುನಿಗಳಿಗೆ ನಮೋಸ್ತು, ಆರ್ಯಿಕೆಯರಿಗೆ ವಂದಾಮಿ, ಐಲಕ ಕ್ಷುಲ್ಲಕರಿಗೆ ಇಚ್ಛಾಮಿ, ಶ್ರಾವಕರು ಪರಸ್ಪರ ಜಯ ಜಿನೇಂದ್ರ ಎಂಬುದು ರೂಢಿ. ಹೆಸರು ಅಳಿಸಿಹೋದ ಪತ್ರದಲ್ಲಿ ವಂದನೆಯೊಂದು ಉಳಿದಿದ್ದರೂ ಪಡೆದವರ ಪದವಿಯನ್ನು ನಿರ್ಣಯಿಸಲು ಅದು ಸಾಕು.

'ಶ್ರೀ'ಯ ಮುಂದಿನ ಅಂಕಿಯೂ ಹಾಗೆಯೇ. ಮುನಿಗಳಿಗೆ 108, ಆರ್ಯಿಕೆ ಐಲಕ ಕ್ಷುಲ್ಲಕರಿಗೆ 105 ಎಂದು ಬರೆಯುವ ಪದ್ಧತಿಯಿದೆ. ಗುರುವಿಗೆ ಆರು, ಒಡೆಯನಿಗೆ ಐದು, ಶತ್ರುವಿಗೆ ನಾಲ್ಕು, ಮಿತ್ರನಿಗೆ ಮೂರು, ಸೇವಕನಿಗೆ ಎರಡು, ಪುತ್ರನಿಗೂ ಪತ್ನಿಗೂ ಒಂದೊಂದು ಶ್ರೀಕಾರವೆಂಬ ವಿಧಿಯು ವರರುಚಿಯ ಹೆಸರಿನ ಪತ್ರಕೌಮುದಿಯಲ್ಲಿದೆ. ಶ್ರೀಕಾರವನ್ನು ಅಷ್ಟು ಬಾರಿ ಬರೆಯುವ ಬದಲು ಅಂಕಿಯನ್ನು ಬರೆಯುವುದೂ ಉಂಟು. ಇಂತಹ ಅಂಕಿಯನ್ನು ಪತ್ರದ ಕ್ರಮಸಂಖ್ಯೆಯೆಂದೋ ಸಂವತ್ಸರದ ಭಾಗವೆಂದೋ ಭ್ರಮಿಸಬಾರದು.

8. ಒಂದು ಬಿಂದುವಿನ ಕಥೆ

ಪತ್ರವನ್ನು ಸರಿಯಾಗಿ ಓದದಿದ್ದರೆ ಏನಾದೀತೆಂಬುದಕ್ಕೆ ಹೇಮಚಂದ್ರಾಚಾರ್ಯರ ಪರಿಶಿಷ್ಟಪರ್ವದ ಕುಣಾಲಕಥೆಗಿಂತ ಬೇರೆ ದೃಷ್ಟಾಂತ ಬೇಡ. ಉಜ್ಜಯಿನಿಯಲ್ಲಿದ್ದ ಬಾಲಕ ಕುಣಾಲನಿಗೆ ವಿದ್ಯಾಭ್ಯಾಸ ಆರಂಭವಾಗಲೆಂಬ ಅರ್ಥದಲ್ಲಿ ಅಶೋಕನು 'ಅಧೀ' ಎಂದು ಮೊದಲಾಗುವ ಕ್ರಿಯಾಪದವನ್ನು ಬರೆದನು. ಸಮೀಪದಲ್ಲಿದ್ದ ಮಲತಾಯಿಯು ಅಂಜನದಿಂದ ಅದರ ಮೇಲೊಂದು ಬಿಂದುವನ್ನಿಟ್ಟಳು. 'ಅಧೀ' ಎಂಬುದು 'ಅಂಧೀ' ಆಯಿತು, ಕುಮಾರನು ಕುರುಡನಾಗಲಿ ಎಂಬ ಆಜ್ಞೆಯಾಯಿತು. ಅರಸನು ಪತ್ರವನ್ನು ಮತ್ತೊಮ್ಮೆ ಓದದೆ ಮುದ್ರೆಯೊತ್ತಿ ಕಳುಹಿದನು. ಅಲ್ಲಿ ಅದನ್ನು ಓದಬೇಕಾದವನು ಬಾಯಿ ಬಾರದೆ ನಿಂತನು. ಕುಮಾರನು ತಾನೇ ತೆಗೆದುಕೊಂಡು ಓದಿ, ಮೌರ್ಯವಂಶದಲ್ಲಿ ಗುರುಜನರ ಆಜ್ಞೆಯನ್ನು ಯಾರೂ ಮೀರಬಾರದೆಂದು ತನ್ನ ಕಣ್ಣುಗಳನ್ನು ತಾನೇ ಕಳೆದುಕೊಂಡನು. ಜಿನಶಾಸನದ ಪ್ರಭಾವಕನೆಂದು ಪ್ರಸಿದ್ಧನಾದ ಸಂಪ್ರತಿಯು ಈ ಕುಣಾಲನ ಮಗ.

ಪಾಠಶೋಧಕರಿಗೆ ಈ ಕಥೆಯಲ್ಲಿ ಮೂರು ಉಪದೇಶಗಳಿವೆ. ಬರೆದವನು ಮರಳಿ ಓದಬೇಕಾಗಿತ್ತು. ಮೂಲದ ಮಸಿಗೂ ಅನಂತರ ಸೇರಿದ ಅಂಜನಕ್ಕೂ ಇರುವ ಭೇದವನ್ನು ಓದುವವನು ಪರೀಕ್ಷಿಸಬೇಕಾಗಿತ್ತು. ಅರ್ಥ ಅಸಂಗತವೆಂದು ಕಂಡಾಗ ಮೌನವಾಗಿರದೆ ಪತ್ರದ ಮೂಲವನ್ನು ವಿಚಾರಿಸಬೇಕಾಗಿತ್ತು. ಸೊನ್ನೆಯೊಂದು ಇರುವುದೋ ಇಲ್ಲದಿರುವುದೋ ಎಂಬ ಸಂಶಯ ನಮಗೆ ಪ್ರತಿದಿನವೂ ಎದುರಾಗುವಂಥದು.

9. ಸೂಚೀಕಾರರಲ್ಲಿ ಕೆಲವು ವಿಜ್ಞಾಪನೆಗಳು

ಮೇಲ್ಕಂಡ ವಿವೇಚನೆಯ ಫಲವಾಗಿ ಕೆಲವು ನಿಯಮಗಳನ್ನು ಸೂಚಿಸಬಹುದು. ಕಟ್ಟಿನಲ್ಲಿ ಪತ್ರ ದೊರೆತಾಗ ಅದು ಯಾವ ಗ್ರಂಥದ ಯಾವ ಗರಿಗಳ ನಡುವೆ ಇದ್ದಿತೆಂಬುದನ್ನು ಮೊದಲು ಬರೆದಿಟ್ಟುಕೊಳ್ಳಬೇಕು. ಪ್ರತಿಯ ಸಂಚಾರದ ಇತಿಹಾಸ ಅದರಿಂದ ತಿಳಿಯಬಹುದು. ಸ್ವಸ್ತಿ, ಸ್ಥಾನ, ನಾಮ, ವಂದನೆ, ಕಾರ್ಯಗಳನ್ನು ಬೇರೆ ಬೇರೆಯಾಗಿ ದಾಖಲಿಸಬೇಕು. ಪತ್ರವು ತನ್ನನ್ನು ಏನೆಂದು ಕರೆದುಕೊಂಡಿದೆಯೋ, ಓಲೆಯೋ ಬಿನ್ನಪವೋ ನಿರೂಪವೋ ಕಾಗದವೋ, ಆ ಶಬ್ದವನ್ನು ಬದಲಿಸದೆ ಬರೆಯಬೇಕು. ಮೊಹರು, ಚೀಟಿ, ವಿಳಾಸಗಳಿರುವ ಲಕೋಟೆಯನ್ನು ಪತ್ರದಿಂದ ಅಗಲಿಸಬಾರದು.

ಮೂಡಬಿದಿರೆಯ ತಾಳೆಯೋಲೆಗಳಲ್ಲಿ ಶತಮಾನಗಳ ಕಾಲ ರಕ್ಷಿತವಾಗಿದ್ದ ಧವಲೆಯು ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಿಂದ ಅಚ್ಚಾಗತೊಡಗಿತು. ಧರಸೇನರು ಕಳುಹಿದ ಲೇಹದ ವೃತ್ತಾಂತವು ಹೀಗೆ ಕನ್ನಡನಾಡಿನ ಓಲೆಯ ಮೇಲೆ ಉಳಿದು ಲೋಕಕ್ಕೆ ತಲುಪಿತು. ಆ ಮೂಲ ಪತ್ರ ನಮಗೆ ಉಳಿದಿಲ್ಲ. ಅದನ್ನು ಓದಿದವರು ಅದರ ಮಾತನ್ನು ಅರಿತು ನಡೆದುದರಿಂದ ಶ್ರುತವು ಉಳಿದಿದೆ. ನಮ್ಮ ಭಂಡಾರಗಳ ಕಟ್ಟುಗಳಲ್ಲಿ ಇನ್ನೂ ಓದದೆ ಉಳಿದಿರುವ ಪತ್ರಗಳಿಗೆ ಅಷ್ಟು ಮಹತ್ತ್ವವಿಲ್ಲದಿರಬಹುದು. ಆದರೆ ಓದದೆ ಅದನ್ನು ಹೇಳುವಂತಿಲ್ಲ.